ಕರ್ನಲ್ ಸಾಹೇಬರಿಗೆ ಅರಿಶಿನ

"ಥೂ ನಿನ್ನ! ನಾಯಿನಾದ್ರೂ ಒಂದು ಕಂಬ ಬಿಟ್ಟು ಇನ್ನೊಂದಕ್ಕೆ ಹೋಗುತ್ತೆ ಕಣೋ. ನೀನು ಮಾತ್ರ ಈ ಬಿಳಿತೊಗಲಿನವನ ಬೂಟು ಬಿಟ್ಟು ಅಲ್ಲಾಡಲ್ಲ!"

ಕುರಿಕರುಳಿನ ಬೋಟಿಗೊಜ್ಜು ತಿನ್ನುತ್ತಿದ್ದ ಗಿರಾಕಿಗಳು ಗೊಳ್ಳೆಂದು ನಕ್ಕರು. ಒಬ್ಬನಿಗೆ ನೆತ್ತಿಗೆ ಹತ್ತಿತು. ಮುನಿಸ್ವಾಮಿ ಸೌಟು ಹಿಡಿದುಕೊಂಡೇ ನಿಂತ. ಬೈದವನು ಶಿವಲಿಂಗಯ್ಯ, ಚಾಮರಾಜಪೇಟೆಯ ಯುವಕ ಸಂಘದ ಅಧ್ಯಕ್ಷ. ಅವನ ದೊಡ್ಡ ಮಗನೇ ಸಂಘ ಸೇರುವ ವಯಸ್ಸಿಗೆ ಬಂದಿದ್ದ. ಅಪ್ಪ ಇನ್ನೂ ಯುವಕ.

ಬೂಟಿನ ಯಜಮಾನ ಕರ್ನಲ್ ಬ್ರಾಕ್ಸ್‌ಟನ್ ಚೌಕದ ನಡುವೆ ಕಲ್ಲಾಗಿ ನಿಂತಿದ್ದ. ತಲೆಗೆ ಟೊಪ್ಪಿ, ಕೈಯಲ್ಲಿ ಕಾಗದದ ಸುರುಳಿ. ಬರಗಾಲದಲ್ಲಿ ಕೂಲಿ ಕೇಳಿದವರ ಬೆನ್ನಿಗೆ ಚಾಟಿ ಬೀಸಿಸಿದ ಪುಣ್ಯಾತ್ಮ. ಹೊಡೆಸಿಕೊಂಡವರ ಹೆಸರಲ್ಲಿ ಒಂದು ಇಟ್ಟಿಗೆಯೂ ಎದ್ದಿಲ್ಲ. ಹೊಡೆಸಿದವನಿಗೆ ಕಟ್ಟೆ, ಕಬ್ಬಿಣದ ಬೇಲಿ, ಸುತ್ತ ಧಾರಾಳವಾಗಿ ಜಾಗ. ಆ ಜಾಗದ ಒಂದು ಮೂಲೆಯಲ್ಲಿ ಮುನಿಸ್ವಾಮಿಯ ತಳ್ಳುಗಾಡಿ. ಬೇರೆಲ್ಲಿ ನಿಲ್ಲಿಸಿದರೂ ಪೊಲೀಸಿನವರು ಲಾಠಿ ಕುಟ್ಟುತ್ತಿದ್ದರು; ಕರ್ನಲ್‌ನ ಬೆನ್ನ ಹಿಂದೆ ಮಾತ್ರ ಯಾರೂ ಕೇಳುತ್ತಿರಲಿಲ್ಲ.

"ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ಆಯ್ತು," ಎಂದ ಶಿವಲಿಂಗಯ್ಯ. "ಇವತ್ತು ಕಾರ್ಪೊರೇಷನ್ ಲಾರಿ ಬರುತ್ತೆ. ಇವನನ್ನ ಎತ್ತಿ ಹಾಕಿ, ಕಟ್ಟೆ ಒಡೆದು, ರಸ್ತೆ ನೇರ ಮಾಡ್ತಾರೆ."

"ಅಣ್ಣಾ, ಇವನೇನು ನಮ್ಮಪ್ಪನಾ? ಬೇಕಾದ್ರೆ ಎತ್ಕೊಂಡು ಹೋಗಿ. ನನ್ನ ಗಾಡಿ ಎಲ್ಲಿ ನಿಲ್ಲಿಸ್ಲಿ, ಅದು ಹೇಳಿ."

"ದೇಶದ ಮಾನದ ಪ್ರಶ್ನೆ ಕಣೋ ಇದು. ಬೋಟಿ ಮಧ್ಯ ತರಬೇಡ!"

ಮಧ್ಯಾಹ್ನದ ಬಿಸಿಲಿಗೆ ಬೀದಿ ಊಟ ಮುಗಿಸಿ ಮಲಗಿತು. ಮುನಿಸ್ವಾಮಿಗೆ ನಿದ್ದೆಯೆಲ್ಲಿ? ಅರಿಶಿನ ಬಿದ್ದ ಕಲ್ಲನ್ನು ಈ ಊರಲ್ಲಿ ಯಾವ ಗಂಡಸೂ ಮುಟ್ಟುವುದಿಲ್ಲ ಎನ್ನುವುದು ಅವನಿಗೆ ಥಟ್ಟನೆ ಹೊಳೆಯಿತು. ಬೇಲಿ ಹತ್ತಿದ. ಗೊಜ್ಜಿಗೆಂದು ತಂದಿದ್ದ ಅರಿಶಿನವನ್ನೆಲ್ಲ ನೀರಲ್ಲಿ ಕಲಸಿ ಕರ್ನಲ್‌ಗೆ ಟೊಪ್ಪಿಯಿಂದ ಬೂಟಿನವರೆಗೆ ಮೆತ್ತಿದ. ಕುಂಕುಮ ಇರಲಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಬೆರೆಸಿದ ಮೆಣಸಿನ ಪುಡಿ ಇತ್ತು. ಅದನ್ನೇ ಹಣೆಗೆ ಬಳಿದು, ಉಳಿದದ್ದನ್ನು ಪಾದದ ಬಳಿ ರಾಶಿ ಹಾಕಿದ.

ಮೊದಲು ಬಂದವಳು ಹೂವಿನ ಅಕ್ಕಯಮ್ಮ. ನೋಡಿದವಳೇ ಗಲ್ಲ ಗಲ್ಲ ಬಡಿದುಕೊಂಡಳು.

"ಅಯ್ಯೋ ನನ್ನಪ್ಪಾ! ಇಷ್ಟು ದಿನ ನಿನ್ನ ಬೇಲಿಗೇ ಒರಗಿ ಎಲೆ ಅಡಿಕೆ ಉಗುದ್ನಲ್ಲಪ್ಪಾ! ಮುನಿಸ್ವಾಮೀ, ಯಾವ ದೇವ್ರೋ ಇದು?"

"ಗುರಪ್ಪಸ್ವಾಮಿ ಅಕ್ಕಾ. ನನ್ನ ಕನಸಲ್ಲಿ ಬಂದಿದ್ದ."

ಅಷ್ಟು ಸಾಕಾಯಿತು. ಅಕ್ಕಯಮ್ಮನ ಬಾಯಿಗೆ ಬಿದ್ದ ಸುದ್ದಿ ಸಿನಿಮಾ ಸಾರುವ ಮೈಕಿನ ಜಟಕಾಗಾಡಿಗಿಂತ ಜೋರಾಗಿ ಓಡಿತು. ಲಾರಿ ಬರುವ ಹೊತ್ತಿಗೆ ಹೆಂಗಸರು ತೆಂಗಿನಕಾಯಿ ಹಿಡಿದು ಸಾಲು ನಿಂತಿದ್ದರು.

ಕಾರ್ಪೊರೇಷನ್ ಮೇಸ್ತ್ರಿ ಬೈರಯ್ಯ ಹಾರೆ ಹಿಡಿದು ಇಳಿದವನು ಹಾರೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ರೀ ಮೇಸ್ತ್ರಿ, ಅದು ಕರ್ನಲ್ ಕಣ್ರೀ! ಎತ್ರೀ!" ಶಿವಲಿಂಗಯ್ಯ ಕೂಗಿದ.

"ಇರಬಹುದು ಸ್ವಾಮಿ. ಅರಿಶಿನ ಹಚ್ಬಿಟ್ಟವ್ರೆ. ನಂಗೂ ಹೆಂಡ್ತಿ ಮಕ್ಕಳಿದಾರೆ."

ಯಾವುದಕ್ಕೂ ಇರಲಿ ಎಂದು ಬೈರಯ್ಯ ಚಪ್ಪಲಿ ಬಿಟ್ಟು, ಪಾದದ ಬಳಿಯ ಕೆಂಪು ಪುಡಿಯನ್ನು ಹಣೆಗಿಟ್ಟು, ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡ. ಮರುಗಳಿಗೆ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿದ.

"ಉರಿ! ಅಯ್ಯಪ್ಪಾ, ಕಣ್ಣು ಹೋಯ್ತು! ತಪ್ಪಾಯ್ತು ಸ್ವಾಮಿ!"

"ಹಾರೆ ತಂದಿದ್ದಕ್ಕೆ ಗುರಪ್ಪ ತೋರಿಸ್ಬಿಟ್ಟ ನೋಡ್ರೇ!" ಅಕ್ಕಯಮ್ಮ ಕೈ ಮುಗಿದಳು. ಆಳುಗಳು ಬೈರಯ್ಯನನ್ನು ಎತ್ತಿ ಲಾರಿಗೆ ಹಾಕಿಕೊಂಡು ಓಡಿದರು. ಕರ್ನಲ್‌ಗೆಂದು ತಂದ ಹಗ್ಗ ರಸ್ತೆಯಲ್ಲೇ ಉಳಿಯಿತು.

ಶಿವಲಿಂಗಯ್ಯ ಜನರ ಸಾಲನ್ನು ನೋಡಿದ. ಅವನ ಯಾವ ಚಳವಳಿಗೂ ಇದರ ಕಾಲುಭಾಗ ಜನ ಸೇರಿರಲಿಲ್ಲ. ಒಂದು ಗಳಿಗೆ ಯೋಚಿಸಿ ಅವನೂ ಚಪ್ಪಲಿ ಬಿಟ್ಟ.

ಸಂಜೆಗೆ ಚಪ್ಪರ ಎದ್ದಿತು. ಕಟ್ಟೆಯ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ಸುಣ್ಣ ಬಿತ್ತು. ದೇವಸ್ಥಾನ ಸಮಿತಿಗೆ ಅಧ್ಯಕ್ಷ ಶಿವಲಿಂಗಯ್ಯನೇ ಆದ. ಗೆದ್ದೆನೆಂದು ಮುನಿಸ್ವಾಮಿ ಅಂಗಡಿಯಿಂದ ಮತ್ತೆ ಅರಿಶಿನ, ಖಾರ ತಂದು, ಸ್ಟೌವ್ ಹಚ್ಚಿ ಗೊಜ್ಜು ಇಟ್ಟ. ವಾಸನೆ ಘಮ್ಮೆಂದು ಚಪ್ಪರಕ್ಕೆ ಹೋಯಿತು.

"ಯಾರೋ ಅದು ಗುರುಗಳ ಸನ್ನಿಧೀಲಿ ಬೋಟಿ ಕುದಿಸೋನು?" ಮೈಕಿನಲ್ಲಿ ಶಿವಲಿಂಗಯ್ಯನ ಧ್ವನಿ. "ಕೈಯಲ್ಲಿ ಓಲೆಗರಿ ಹಿಡಿದಿರೋ ಸಾತ್ವಿಕ ದೇವರು ಕಣಯ್ಯಾ! ತೆಗಿ ಗಾಡಿ!"

"ಅಣ್ಣಾ, ಸ್ವಾಮಿ ಹಂಗೇನೂ ಅಂದಿಲ್ಲ..."

"ಸರಿ. ಕನಸಲ್ಲಿ ಕಂಡೋನು ನೀನೇ ತಾನೆ? ಸ್ವಾಮಿ ಮಾಂಸ ತಿಂತಿದ್ರಾ? ಇಷ್ಟು ಜನದ ಮುಂದೆ ಹೇಳ್ಬಿಡು."

ಜಾಗಟೆ ನಿಂತಿತು. ಎಲ್ಲರೂ ಇತ್ತ ತಿರುಗಿದರು. ಮುನಿಸ್ವಾಮಿ ತಲೆಯೆತ್ತಿ ನೋಡಿದ. ಕುರಿ ಕೋಳಿ ತಿಂದೇ ಉಬ್ಬಿದ ಕರ್ನಲ್‌ನ ಕೆನ್ನೆ ದೀಪದ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತಿತ್ತು. ಓಲೆಗರಿ ಹಿಡಿದ ಸ್ವಾಮಿ ತಿನ್ನುತ್ತಿದ್ದ ಎಂದರೆ ಯಾರೂ ನಂಬುವುದಿಲ್ಲ; ನಂಬಿಸಬೇಕಾದರೆ ಅವನು ಯಾರೆಂದೂ ಹೇಳಬೇಕು. ಹೇಳಿದರೆ ನಾಳೆ ಲಾರಿ ಮತ್ತೆ ಬರುತ್ತದೆ.

ಸ್ಟೌವ್ ಆರಿಸಿದ. ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದ. ಗಾಡಿ ತಳ್ಳಿಕೊಂಡು ಹೊರಟುಹೋದ.