ಕರುಳಿಗೆ 'ಗುಣ' ತಂದ ಹಸಿರು ಡಬ್ಬಿಯವರಿಗೆ

ಅಡುಗೆಮನೆ ಕಪಾಟಿನ ಎರಡನೇ ಸಾಲಿನಲ್ಲಿ, ಸಕ್ಕರೆ ಡಬ್ಬಿಗೂ ಸೋಡಾಪುಡಿಗೂ ನಡುವೆ ವಾಸವಾಗಿರುವ, ಹನ್ನೊಂದು ಗಿಡಮೂಲಿಕೆಗಳ ಸಾರವನ್ನು ಒಡಲಲ್ಲಿಟ್ಟುಕೊಂಡಿರುವ ಮಾನ್ಯ ಹಸಿರು ಡಬ್ಬಿಯವರೇ,

ತಮಗೆ ನನ್ನ ವಿನಯಪೂರ್ವಕ ವಂದನೆಗಳು. ಮುಚ್ಚಳ ಬಿಗಿಯಾಗಿದ್ದು, ತೇವ ತಾಗದೆ ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ನಮ್ಮ ಮನೆಯಲ್ಲಿ ಅಷ್ಟು ಕ್ಷೇಮವಾಗಿರುವವರು ಸದ್ಯಕ್ಕೆ ತಾವೊಬ್ಬರೇ. ಈ ಪತ್ರದಲ್ಲಿ 'ತಮ್ಮ' ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕೆಲವೆಡೆ ಅದು ತಮಗೆ ಸಲ್ಲಿಸುವ ಗೌರವ, ಕೆಲವೆಡೆ ನನ್ನ ಒಡಹುಟ್ಟಿದವನು. ದಯವಿಟ್ಟು ಕಲಸಿಕೊಳ್ಳಬೇಡಿ. ಇಬ್ಬರನ್ನೂ ಒಂದೇ ಸಮ ನಂಬಿ ನಾನು ಆಗಲೇ ಸಾಕಷ್ಟು ಕಲಸಿದ್ದೇನೆ.

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ನಾಲ್ಕು ವರ್ಷದಿಂದ ದೊಡ್ಡ ಕರುಳಿನ ಉರಿಯೂತ. ಕೆರಳಿದರೆ ಹೊಟ್ಟೆ ನುಲಿತ, ರಕ್ತ, ದಿನಕ್ಕೆ ಹದಿನೈದು ಸಲ ಓಟ. ಡಾಕ್ಟರು ಕೊಟ್ಟ ಮಾತ್ರೆಯಿಂದ ಅದು ಒಂದೂವರೆ ವರ್ಷ ತೆಪ್ಪಗಿತ್ತು. ತೆಪ್ಪಗಿದ್ದುದೇ ನೆಪವಾಗಿ, "ಚೆನ್ನಾಗೇ ಇದ್ದೀನಲ್ಲಕ್ಕ, ಸಾಯೋವರೆಗೂ ಈ ಮಾತ್ರೆ ನುಂಗ್ತಾನೇ ಇರ್ಬೇಕಾ?" ಎಂದು ಅವನು ಕೇಳತೊಡಗಿದ. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಅವನ ಮಾತ್ರೆ ತರಲು ಹೋದಾಗ, ಅಂಗಡಿಯ ಗಾಜಿನ ಹಿಂದಿನಿಂದ ತಾವು ದರ್ಶನ ಕೊಟ್ಟಿರಿ.

ತಮ್ಮ ಎದೆಯ ಮೇಲೆ ಹೆಬ್ಬೆರಳು ಗಾತ್ರದ ಕನ್ನಡ ಅಕ್ಷರಗಳಲ್ಲಿ 'ಗಿಡದಿಂದ ಕರುಳಿಗೆ ಗುಣ' ಎಂದಿತ್ತು. ಅದರ ಕೆಳಗೆ, 'ಅಡ್ಡ ಪರಿಣಾಮಗಳಿಲ್ಲ.' ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಇಂದಿಗೂ ಕನ್ನಡದ ಬೋರ್ಡುಗಳನ್ನು ಅಕ್ಷರ ಕೂಡಿಸಿಯೇ ಓದುವ ನಾನು, ಅಷ್ಟನ್ನೂ ತಡವರಿಸದೆ ಒಂದೇ ಉಸಿರಿಗೆ ಓದಿಬಿಟ್ಟ ಹೆಮ್ಮೆಯಲ್ಲಿ ತಮ್ಮನ್ನು ತಿರುಗಿಸಿ ನೋಡುವುದನ್ನೇ ಮರೆತೆ. ತಮ್ಮ ಬೆನ್ನ ಮೇಲೆ, ಇರುವೆಯ ಕಾಲಿನಷ್ಟು ಸಣ್ಣ ಇಂಗ್ಲಿಷಿನಲ್ಲಿ, ತಾವು ಔಷಧವಲ್ಲವೆಂದೂ, ಯಾವ ಕಾಯಿಲೆಯನ್ನೂ ವಾಸಿ ಮಾಡುವ ಉದ್ದೇಶ ತಮಗಿಲ್ಲವೆಂದೂ, ಡಾಕ್ಟರ ಮಾತ್ರೆ ನಿಲ್ಲಿಸಬಾರದೆಂದೂ ಪ್ರಾಮಾಣಿಕವಾಗಿ ಬರೆದಿತ್ತು. ಹೊಗಳಿಕೆ ಕನ್ನಡದಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ! ತಾಯ್ನುಡಿಯ ಮೇಲೆ ಇಷ್ಟು ಅಕ್ಕರೆ ಇಟ್ಟುಕೊಂಡ ಡಬ್ಬಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಪರ್ಯಾಸವೆಂದರೆ, ಸಣ್ಣ ಇಂಗ್ಲಿಷ್ ಓದುವುದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದಲೂ ನನಗೇ ವಹಿಸಿದ ಕೆಲಸ. ಶಾಲೆ ಅರ್ಧಕ್ಕೆ ಬಿಟ್ಟು ಸ್ಪ್ಯಾನರ್ ಹಿಡಿದ ತಮ್ಮ, "ಅಕ್ಕ ಓದಿದಾಳೆ ಅಂದ್ಮೇಲೆ ಮುಗೀತು" ಎಂದು ಡಾಕ್ಟರ ಮಾತ್ರೆಗಳನ್ನು ಡ್ರಾಯರಿಗೆ ಹಾಕಿದ.

ಐದು ವಾರ ಅವನು ಎರಡೂ ಹೊತ್ತು ತಮ್ಮ ಸೇವನೆ ಮಾಡಿದ. ಆರನೆಯ ವಾರ, ಏಳು ಮಹಡಿಯ ಕಚೇರಿಯೊಂದರಲ್ಲಿ, ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಲಿಫ್ಟನ್ನು ತಾನೇ ನಿಲ್ಲಿಸಿಕೊಂಡು ಅದರ ತಲೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದಾಗ ಅವನ ಕರುಳಿಗೆ ಎಚ್ಚರವಾಯಿತು. ಮೇಲಿನ ಬಾಗಿಲಿಗೆ ಆರಡಿ, ಕೆಳಗಿನದಕ್ಕೆ ಲಿಫ್ಟೇ ಅಡ್ಡ. ಮುಂದಿನದನ್ನು ಅವನ ಮರ್ಯಾದೆಗಾಗಿ ಬರೆಯುತ್ತಿಲ್ಲ. ಆ ಕಚೇರಿಯವರು ಅವನ ಮರ್ಯಾದೆಯ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಲಿಲ್ಲ.

ಒಂಬತ್ತು ದಿನ ಆಸ್ಪತ್ರೆ. ಡಾಕ್ಟರಮ್ಮ ತಮ್ಮನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ಓದಿ, ಕೋಪಿಸಿಕೊಳ್ಳದೆಯೇ ಹೇಳಿದರು: "ಇದರಲ್ಲಿರೋ ಒಂದೆರಡು ಗಿಡದ ಬಗ್ಗೆ ಪರೀಕ್ಷೆ ನಡೀತಿದೆ, ಇಲ್ಲ ಅನ್ನಲ್ಲ. ನನ್ನನ್ನ ಕೇಳಿ ಜೊತೆಗೆ ತಗೊಳ್ಳೋದು ಬೇರೆ, ಬದಲಿಗೆ ತಗೊಳ್ಳೋದೇ ಬೇರೆ ಅಲ್ವಾಮ್ಮ? ಇನ್ನೊಂದು ಸಲ ಹೀಗೆ ಕೆರಳಿದ್ರೆ ದೊಡ್ಡ ಕರುಳನ್ನೇ ತೆಗೆಯೋ ಮಾತು ಬರಬಹುದು." ತಮ್ಮ ಗೋಡೆ ಕಡೆ ತಿರುಗಿ ಮಲಗಿದ. ಅವತ್ತಿನಿಂದ ನಾನು ಕೊಟ್ಟ ನೀರಿನ ಲೋಟವನ್ನೂ ಅವನು ಒಂದು ಕ್ಷಣ ನೋಡಿಯೇ ಕುಡಿಯುತ್ತಿದ್ದ.

ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಇಂಪಾದ ದನಿಯ ಹುಡುಗಿ, "ಮೇಡಂ, ಅಲ್ಲಿ ಗುಣ ಅಂದ್ರೆ ಕ್ಯೂರ್ ಅಲ್ಲ, ಕ್ವಾಲಿಟಿ" ಎಂದು ತಿಳಿಹೇಳಿದಳು. ಕನ್ನಡದ ಪದವೊಂದಕ್ಕೆ ನನಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿಕೊಟ್ಟ ಉಪಕಾರವನ್ನು ಹೇಗೆ ಮರೆಯಲಿ? ಆದರೂ, ತಪ್ಪು ಹುಡುಕಲು ಕೂತರೆ ಯಾವ ಕಡೆ ಹೆಚ್ಚು ಎಂದು ನನಗೇ ತಿಳಿಯುವುದಿಲ್ಲ. ತಾವು ಎರಡರ್ಥದ ಪದ ಬರೆಸಿಕೊಂಡಿರಿ. ನನಗೆ ಬೇಕಾದ ಅರ್ಥವನ್ನು ಆರಿಸಿಕೊಂಡವಳು ನಾನು. 'ಅಡ್ಡ ಪರಿಣಾಮಗಳಿಲ್ಲ' ಎಂಬ ಮಾತನ್ನಂತೂ ತಾವು ಉಳಿಸಿಕೊಂಡಿರಿ. ಉದ್ದ ಪರಿಣಾಮದ ಬಗ್ಗೆ ತಾವು ಮಾತು ಕೊಟ್ಟಿರಲೇ ಇಲ್ಲವಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ಎದೆಯ ಅಕ್ಷರಗಳೂ ಬೆನ್ನಿನ ಅಕ್ಷರಗಳೂ ಒಂದು ವಾರದ ಮಟ್ಟಿಗೆ ಜಾಗ ಬದಲಾಯಿಸಿಕೊಳ್ಳಲಿ. ತಾವೇ ಆ ಕಚೇರಿಗೆ ಹೋಗಿ, ಮೂರನೇ ಮಹಡಿಯಿಂದ ನಾಲ್ಕನೆಯದಕ್ಕೆ ಮೆಟ್ಟಿಲು ಹತ್ತಿ, ಅಂದು ಮೂಗು ಮುಚ್ಚಿಕೊಂಡ ಹನ್ನೊಂದು ಜನರಿಗೆ ಮೂಲಿಕೆಗೊಬ್ಬರಂತೆ ಕ್ಷಮೆ ಕೇಳಿ ಬರಬೇಕು. ಸಾಧ್ಯವಾದರೆ, ಅಂಗಡಿಯ ಮುಂದೆ ನಾನು ನಿಂತಿದ್ದ ಆ ಗಳಿಗೆಗೆ ನನ್ನನ್ನು ವಾಪಸು ಕರೆದೊಯ್ದು, ಒಮ್ಮೆ ಬೆನ್ನು ತಿರುಗಿಸಿ ನಿಲ್ಲಬೇಕು.

ಕೊನೆಯದಾಗಿ ಒಂದು ಸುದ್ದಿ. ನಿನ್ನೆ ನನ್ನ ತಮ್ಮ, ಹೊಸ ಮಾತ್ರೆಯ ಜೊತೆ ಬಂದ ಹಾಳೆಯನ್ನು ನನ್ನ ಮುಂದೆ ಹಿಡಿದು, "ಓದಕ್ಕ. ಪೂರ್ತಿ ಓದು, ಹಿಂದಿನ ಸಣ್ಣ ಅಕ್ಷರಾನೂ" ಎಂದ. ಮುಕ್ಕಾಲು ಗಂಟೆ ಓದಿದೆ. ಅವನು ಎದ್ದು ಹೋಗಲಿಲ್ಲ.

ತಮ್ಮನ ವಿಶ್ವಾಸವನ್ನು ಸಣ್ಣ ಅಕ್ಷರದಿಂದ ಮತ್ತೆ ಗಳಿಸುತ್ತಿರುವ,
ತಮ್ಮ ಒಂದು ಕಾಲದ ವಿಶ್ವಾಸಿ,
ಲಿಫ್ಟ್ ರಿಪೇರಿಯವನ ಅಕ್ಕ

ತಾ.ಕ.: ರಾತ್ರಿ ಈ ಪತ್ರ ಬರೆದಿಟ್ಟ ಮೇಲೆ, ಇವತ್ತು ಬೆಳಿಗ್ಗೆ ತಮ್ಮ ಒಡಲನ್ನು ಖಾಲಿ ಮಾಡಿ ತೊಳೆದಿದ್ದೇವೆ. ತಮ್ಮ ಅದರಲ್ಲಿ ನಟ್ಟು ಬೋಲ್ಟು ತುಂಬಿ, ಮೇಲೆ ಚೀಟಿ ಅಂಟಿಸಿ ತನ್ನ ಕೈಯಾರೆ 'ನಟ್ಟು ಬೋಲ್ಟು' ಎಂದು ಬರೆದಿದ್ದಾನೆ. ಹೊರಗೆ ಬರೆದಿರುವುದೂ ಒಳಗೆ ಇರುವುದೂ ಒಂದೇ ಆಗಿರುವ ಈ ಹೊಸ ಅನುಭವಕ್ಕೆ ತಾವು ಬೇಗ ಹೊಂದಿಕೊಳ್ಳುವಿರೆಂದು ಆಶಿಸುತ್ತೇನೆ.