ಮೇಲ್ಪಂಕ್ತಿಯಿಲ್ಲದ ರಜೆ

"ಬೇರೆ ಯಾವುದಕ್ಕೆ ಬರದಿದ್ದರೂ ನಿನ್ನ ಮದುವೆಗೆ ಬಂದೇ ಬರ್ತೀನಿ ಕಂದಾ" ಎಂದು ತ್ಯೂನಿಸ್ ಬ್ರೌವರ್ ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ಇಂಗ್ಲಿಷರ ಹಡಗುಗಳು ನ್ಯೂಯಾರ್ಕಿನ ಬಂದರಿಗೆ ಬಂದು ನಿಂತಿದ್ದವು. ಅಮೆರಿಕದ ಸೈನ್ಯದ ಗುಮಾಸ್ತನಾಗಿದ್ದ ಅವನು ಕಾಗದಪತ್ರದ ಪೆಟ್ಟಿಗೆಗಳ ಜೊತೆ ಊರು ಬಿಡಬೇಕಿತ್ತು. ಮಗಳು ಲೀಸ್ಬೆತ್ ಕೋಟಿನ ತುದಿ ಹಿಡಿದು ಬಿಡದೆ ನಿಂತಿದ್ದಳು. ಬಿಡಿಸಿಕೊಳ್ಳಲು ಬೇರೇನೂ ತೋಚದೆ ಆಡಿದ ಮಾತು ಅದು.

ಆಮೇಲೆ ಆ ಪೆಟ್ಟಿಗೆಗಳು ಊರೂರು ಸುತ್ತಿದವು. ಯುದ್ಧ ಮುಗಿದರೂ ಅವುಗಳ ತಿರುಗಾಟ ಮುಗಿಯಲಿಲ್ಲ. ಸರ್ಕಾರ ಯಾವ ಊರಿಗೆ ಹೋದರೆ ಪೆಟ್ಟಿಗೆ ಆ ಊರಿಗೆ, ಪೆಟ್ಟಿಗೆಯ ಹಿಂದೆ ತ್ಯೂನಿಸ್. ಲೀಸ್ಬೆತ್‌ಳ ಹಾಲುಹಲ್ಲು ಬಿದ್ದದ್ದು, ಅವಳಿಗೆ ಸಿಡುಬು ಬಂದು ಹೋದದ್ದು, ಅಜ್ಜಿ ತೀರಿಕೊಂಡಾಗ ಅವಳು ಮೂರು ದಿನ ಊಟ ಬಿಟ್ಟದ್ದು, ಎಲ್ಲವೂ ಅವನಿಗೆ ಕಾಗದದ ಮೂಲಕವೇ ತಿಳಿದದ್ದು. ಈಗ ದೇಶಕ್ಕೆ ಹೊಸ ಸರ್ಕಾರ, ಮೊದಲನೇ ಅಧ್ಯಕ್ಷರು, ಕಚೇರಿಯೂ ನ್ಯೂಯಾರ್ಕಿನಲ್ಲೇ. ಮನೆಯಿಂದ ಹತ್ತು ನಿಮಿಷದ ದಾರಿ. ಲೀಸ್ಬೆತ್‌ಳ ಮದುವೆ ಅಕ್ಟೋಬರಿನ ಒಂದು ಗುರುವಾರ, ಸಂಜೆ ನಾಲ್ಕಕ್ಕೆ. ಪಾದ್ರಿಗಳು ನದಿಯಾಚೆ ಬ್ರೂಕ್ಲಿನ್ನಿನಲ್ಲಿ ಒಂದು ಶವಸಂಸ್ಕಾರಕ್ಕೆ ಹೋಗಬೇಕಾದ್ದರಿಂದ ನಾಲ್ಕು ಅಂದರೆ ನಾಲ್ಕೇ.

ಅರ್ಧ ದಿನದ ರಜೆ ಬೇಡಿ ತ್ಯೂನಿಸ್ ಮೂರು ವಾರ ಮೊದಲೇ ಅರ್ಜಿ ಕೊಟ್ಟಿದ್ದ. ಅದು ತಿರುಗಿ ಅವನ ಮೇಜಿಗೆ ಬಂದದ್ದು ಮದುವೆಯ ದಿನ ಬೆಳಗ್ಗೆ ಹತ್ತು ಗಂಟೆಗೆ. ಹಿಂಬದಿಯಲ್ಲಿ ಒಂದೇ ಸಾಲು: 'ಇದಕ್ಕೆ ಮೇಲ್ಪಂಕ್ತಿ ಇಲ್ಲ.' ಹಿಂದೆ ಯಾರಿಗೂ ಹೀಗೆ ಕೊಟ್ಟ ಉದಾಹರಣೆ ಇಲ್ಲ ಎಂದರ್ಥ.

ಆ ವರ್ಷ ಇಡೀ ಸರ್ಕಾರಕ್ಕೆ ಹತ್ತಿದ ಕಾಯಿಲೆ ಇದು. ತಾನು ಮೊದಲ ಸಲ ಏನು ಮಾಡಿದರೂ ಮುಂದೆ ಬರುವವರೆಲ್ಲ ಅದನ್ನೇ ಮಾಡುತ್ತಾರೆಂದು ಅಧ್ಯಕ್ಷರು ಯೋಚಿಸಿ ಯೋಚಿಸಿ ಹೆಜ್ಜೆ ಇಡುತ್ತಿದ್ದರು. ಅವರು ಕೈ ಕುಲುಕದೆ ತಲೆ ಬಾಗಿಸಿದರೆ ಅದೇ ಪದ್ಧತಿ. ಅವರನ್ನು ಏನೆಂದು ಕರೆಯಬೇಕೆಂದು ದೇಶದ ಶಾಸನಸಭೆಯವರು ವಾರಗಟ್ಟಲೆ ಕಿತ್ತಾಡಿ ಕೊನೆಗೆ ಬರೀ 'ಅಧ್ಯಕ್ಷ' ಎಂದು ಕೈ ತೊಳೆದುಕೊಂಡಿದ್ದರು. ಅಷ್ಟು ದೊಡ್ಡವರಿಗೆ ಅದು ಸರಿಯೇ. ಆದರೆ ಯೋಚನೆ ಎನ್ನುವುದು ನೆಗಡಿಯಂತೆ ಮೇಲಿನಿಂದ ಕೆಳಗೆ ಇಳಿಯಿತು. ತ್ಯೂನಿಸನ ಕಚೇರಿಯಲ್ಲಿ ಕಾಗದವನ್ನು ಮೂರು ಮಡಿಕೆ ಮಾಡುವುದೋ ನಾಲ್ಕೋ ಎಂದು ತೀರ್ಮಾನಿಸಲು ಹನ್ನೊಂದು ದಿನ ಹಿಡಿದಿತ್ತು.

ಅರ್ಜಿ ಹಿಡಿದು ತ್ಯೂನಿಸ್ ಹೆಡ್ ಗುಮಾಸ್ತ ಲೆಮ್ಯುಯೆಲ್ ಪಾರ್ಡಿಯ ಮುಂದೆ ನಿಂತ. ಪಾರ್ಡಿ ಕನೆಕ್ಟಿಕಟ್ ಕಡೆಯವರು. ಮುಖ ಉಪ್ಪು ಹಾಕಿ ಒಣಗಿಸಿದ ಮೀನಿನಂತೆ, ಒಳಗಿನ ಮನಸ್ಸು ಮಾತ್ರ ಮೆತ್ತಗಿನದು. ಜೀವನದಲ್ಲಿ ಒಂದು ಪೆನ್ನಿನ ಮೊನೆಯನ್ನೂ ಮನೆಗೆ ಒಯ್ದವರಲ್ಲ.

"ಇಲ್ಲ ಅಂತ ಬರೆದಿಲ್ವಲ್ಲ ಸ್ವಾಮಿ?" ಎಂದ ತ್ಯೂನಿಸ್ ಆಸೆಯಿಂದ.

"ಇಲ್ಲ ಅಂದ್ರೆ ಅದೂ ಮೇಲ್ಪಂಕ್ತಿ ಆಗತ್ತೆ ಕಣ್ರೀ. ನೂರು ವರ್ಷ ಆದ್ಮೇಲೆ ಯಾವನೋ ಗುಮಾಸ್ತ ಹೆತ್ತ ತಾಯಿ ಮಣ್ಣಿಗೆ ಹೋಗ್ಬೇಕು ಅಂತಾನೆ. 'ಪಾರ್ಡಿ ಕಾಲದಿಂದ್ಲೂ ಕೊಟ್ಟಿಲ್ಲ, ಕೂತ್ಕೊಳಯ್ಯಾ' ಅಂತಾರೆ. ಆ ಪಾಪ ನನಗ್ಯಾಕೆ?"

"ಹಾಗಾದ್ರೆ ಹೂಂ ಅನ್ನಿ."

"ಹೂಂ ಅಂದ್ರೆ ಇನ್ನೂ ಕೆಟ್ಟದು. ನೂರು ವರ್ಷ ಆದ್ಮೇಲೆ ಕಚೇರಿ ತುಂಬ ಕುರ್ಚಿ, ಕೂರೋಕೆ ಜನ ಇಲ್ಲ."

"ಇಂಗ್ಲಿಷ್ ರಾಜನ ಕಾಲದಲ್ಲಿ ಸುಂಕದ ಕಟ್ಟೆ ಗುಮಾಸ್ತರು ಹೇಳದೆ ಕೇಳದೆ ಎದ್ದು ಹೋಗ್ತಿದ್ರಲ್ಲ ಸ್ವಾಮಿ!"

"ಅದಕ್ಕೇ ಎಂಟು ವರ್ಷ ಯುದ್ಧ ಮಾಡಿದ್ದು" ಎಂದರು ಪಾರ್ಡಿ.

ಇಬ್ಬರೂ ಸೇರಿ ಕಾರ್ಯದರ್ಶಿ ಕರ್ನಲ್ ಹ್ಯಾಸ್ಕೆಟ್‌ರ ಕೋಣೆಗೆ ಹೋದರು. ಕರ್ನಲ್ ಯುದ್ಧದಲ್ಲಿ ಒಂದು ಕಾಲಿಗೆ ಗುಂಡು ತಿಂದವರು, ಧಾರಾಳ ಮನುಷ್ಯ.

"ಅಯ್ಯೋ, ಮಗಳ ಮದುವೇನಾ? ಇದನ್ನ ಕೇಳೋದು ಬೇರೆಯಾ? ಈಗ್ಲೇ ಹೋ..." ಎಂದು ಕೈ ಎತ್ತಿದವರು ಪಾರ್ಡಿಯ ಮುಖ ನೋಡಿ ಅಲ್ಲೇ ನಿಂತರು. ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. "ಇದನ್ನ ಬರೀಬೇಕೇನ್ರೀ?"

"ಬರೀಬೇಕು ಸ್ವಾಮಿ. ಬಾಯಲ್ಲಿ ಹೇಳಿದ್ರೆ ಮುಂದೆ ಸರ್ಕಾರ ಪೂರ್ತಿ ಬಾಯಲ್ಲೇ ನಡೆಯತ್ತೆ."

ಕೈ ನಿಧಾನವಾಗಿ ಕೆಳಗಿಳಿಯಿತು. "ಬ್ರೌವರ್, ಒಂದು ಸಲ ಅಧ್ಯಕ್ಷರ ಮನೇಲಿ ವಿಚಾರಿಸಿಕೊಂಡು ಬಂದ್ಬಿಡಿ. ಅಲ್ಲಿ ಆಳುಕಾಳಿಗೆ ರಜೆ ಹೇಗೆ ಕೊಡ್ತಾರೆ ಅಂತ ಗೊತ್ತಾದ್ರೆ ಸಾಕು. ಹಾಗೇ ಮಾಡೋಣ."

ಚೆರಿ ಬೀದಿಗೆ ಹೊರಟಾಗ ಮಳೆ ಹಿಡಿಯಿತು. ಅಧ್ಯಕ್ಷರ ಮನೆ ತಲುಪುವ ಹೊತ್ತಿಗೆ ತ್ಯೂನಿಸನ ಟೋಪಿಯ ಮೂರು ಮೂಲೆಯಿಂದಲೂ ನೀರು ಸುರಿಯುತ್ತಿತ್ತು. ಬಾಗಿಲಲ್ಲಿದ್ದವನು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಅಧ್ಯಕ್ಷರು ಬೆಳಗ್ಗೆನೇ ಹೊರಟ್ರು. ಉತ್ತರದ ರಾಜ್ಯಗಳನ್ನ ಸುತ್ತಿ ಬರೋಕೆ ಒಂದು ತಿಂಗಳಾಗತ್ತೆ."

"ಒಳಗೆ ಬೇರೆ ಯಾರನ್ನಾದ್ರೂ ನೋಡ್ಬಹುದಾ?"

"ಭೇಟಿ ಮಂಗಳವಾರ ಮೂರರಿಂದ ನಾಲ್ಕು. ಬರ್ಬಹುದು, ತಲೆ ಬಾಗಿಸಿ ಹೋಗ್ಬಹುದು. ಮಾತಾಡಿಸೋ ಹಾಗಿಲ್ಲ."

"ಅಯ್ಯಾ, ನನ್ನ ಮಗಳ ಮದುವೆ ಇವತ್ತು ನಾಲ್ಕಕ್ಕೆ."

ಅವನು ಸ್ವಲ್ಪ ಯೋಚಿಸಿ, "ಮಂಗಳವಾರಕ್ಕೆ ಇಟ್ಕೋಬೇಕಿತ್ತು" ಎಂದು ಬಾಗಿಲು ಹಾಕಿಕೊಂಡ.

ತಿರುಗಿ ಬರುವಾಗ ಮೀನಿನ ಪೇಟೆಯ ತಿರುವಿನಲ್ಲಿ ಪಕ್ಕದ ಮನೆಯ ವಿಧವೆ ಟೆನ್ ಬ್ರೂಕ್ ಎದುರಾದಳು. ಕಂಕುಳಲ್ಲಿ ಮದುವೆ ಊಟದ ಸಿಂಪಿ ಚಿಪ್ಪುಮೀನಿನ ಬುಟ್ಟಿ, ಬಾಯಲ್ಲಿ ಊರಿನ ಸುದ್ದಿ. "ಏನ್ ಬ್ರೌವರ್, ಹೆಣ್ಣಿನ ಅಪ್ಪ ನೀನು, ಬೀದಿ ಅಳೀತಾ ಇದ್ದೀಯಲ್ಲ! ಅಲ್ಲಿ ನಿನ್ನ ಹೆಂಡ್ತಿ ಹಿಲ್ಲೆಗೊಂಡ ನಿನ್ನ ಒಳ್ಳೇ ಕೋಟು ತೆಗೆದು ತನ್ನ ತಮ್ಮನಿಗೆ ತೊಡಿಸ್ತಾ ಇದಾಳೆ. ನಿನ್ನ ಜಾಗದಲ್ಲಿ ನಿಲ್ಲಿಸೋಕೆ."

"ಯಾಕೆ? ನಾನು ಬರ್ತೀನಿ ಅಂದಿದೀನಲ್ಲ?"

"ನೀನು ಅಂದಿದೀಯ. ನಿನ್ನ ಹೆಂಡ್ತಿಗೆ ನೀನು ಗೊತ್ತು."

"ಹುಡುಗಿ ಏನಂದ್ಲು?"

ವಿಧವೆ ಬುಟ್ಟಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು. "ಏನೂ ಅನ್ಲಿಲ್ಲ. 'ಅಭ್ಯಾಸ ಇದೆ ಬಿಡಿ' ಅಂದ್ಲು."

ಆ ಮಾತು ತ್ಯೂನಿಸನ ಎದೆಗೆ ಚುಚ್ಚಿತು. ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, "ನಾನು ಹೊರಟೆ! ಏನು ಬೇಕಾದ್ರೂ ಆಗ್ಲಿ!" ಎಂದು ಬಾಗಿಲಲ್ಲೇ ಕೂಗಿದ. ಗಂಟೆ ಎರಡಾಗಿತ್ತು.

ಪಾರ್ಡಿ ಗಾಬರಿಯಾಗಿ ಎದ್ದು ಅಡ್ಡ ನಿಂತರು. "ಬೇಡ ಬ್ರೌವರ್, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಹೇಳದೆ ಹೋದ್ರೆ ಅದು ಈ ಸರ್ಕಾರದ ಮೊದಲನೇ ಪಲಾಯನ ಆಗತ್ತೆ. ಓಡಿಹೋದ ಗುಮಾಸ್ತನಿಗೆ ಏನು ಶಿಕ್ಷೆ ಅಂತ ನಮ್ಮಲ್ಲಿ ಇನ್ನೂ ಬರೆದಿಲ್ಲ. ಸೈನ್ಯದ್ದೇ ಹಿಡೀಬೇಕಾಗತ್ತೆ."

ಸೈನ್ಯದಲ್ಲಿ ಓಡಿಹೋದವರಿಗೆ ಏನು ಮಾಡುತ್ತಾರೆಂದು ತ್ಯೂನಿಸನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಕಾಗದಗಳೂ ಅವನ ಪೆಟ್ಟಿಗೆಯಲ್ಲೇ ಇದ್ದವು. ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಕಣ್ಣಿಂದ ಇಳಿದದ್ದು ಮಳೆಯ ನೀರೋ ಬೇರೆಯದೋ ಯಾರೂ ಕೇಳಲಿಲ್ಲ.

ಆಗ ಕಿಟಕಿಯ ಬಳಿ ನಕಲು ಮಾಡುತ್ತಿದ್ದ ಪೆಲೆಗ್ ಎಂಬ ಗುಮಾಸ್ತ ತಲೆ ಎತ್ತದೆಯೇ ಹೇಳಿದ: "ಕೆಲಸದಿಂದ ತೆಗೆದುಬಿಡಿ."

"ಏನಂದೆ?" ಎಂದರು ಪಾರ್ಡಿ.

"ಅಲ್ಲ, ಸರ್ಕಾರಿ ನೌಕರನನ್ನ ತೆಗೆಯೋ ಅಧಿಕಾರ ಯಾರದು ಅಂತ ಸಭೆಯವರು ಜೂನಿನಲ್ಲಿ ದಿನಗಟ್ಲೆ ಕಿರುಚಾಡಿ ತೀರ್ಮಾನ ಮಾಡಿದಾರೆ. ಮೇಲಿನವರು ಕೆಳಗಿನವರನ್ನ ತೆಗೀಬಹುದು. ಮಧ್ಯಾಹ್ನ ಮನೆಗೆ ಕಳಿಸ್ಬಹುದಾ ಅಂತ ಒಬ್ಬನೂ ಹೇಳಿಲ್ಲ. ಶಾಶ್ವತವಾಗಿ ಕಳಿಸ್ಬಹುದು ಅಂತ ಎಲ್ಲರೂ ಹೇಳಿದಾರೆ. ಈಗ ತೆಗೀರಿ, ನಾಳೆ ಬೆಳಗ್ಗೆ ಮತ್ತೆ ಸೇರಿಸ್ಕೊಳ್ಳಿ."

ಪಾರ್ಡಿಯ ಒಣ ಮುಖದಲ್ಲಿ ಆ ವರ್ಷ ಮೊದಲ ಸಲ ರಕ್ತ ಓಡಾಡಿತು. "ಇದಕ್ಕೆ ಆಧಾರ ಇದೆ!" ಎಂದು ಅವರು ಓಡಿಯೇ ಹೋಗಿ ಕರ್ನಲ್‌ರನ್ನು ಕರೆತಂದರು. ಕರ್ನಲ್ ಕುಂಟುತ್ತ ಬಂದು ತ್ಯೂನಿಸನ ಬೆನ್ನು ತಟ್ಟಿದರು. "ಶಹಭಾಸ್! ತೆಗೆದೆ ಅಂತ ತಿಳ್ಕೊಳ್ಳಿ. ಸಂತೋಷವಾಗಿ ಹೋಗ್ಬನ್ನಿ!"

"ನಾಳೆ ಮತ್ತೆ..."

"ಅದನ್ನೆಲ್ಲ ಪಾರ್ಡಿ ನೋಡ್ಕೋತಾರೆ. ನಾನು ಊಟಕ್ಕೆ ಹೊರಟೆ."

ಆದರೆ ಈ ಸರ್ಕಾರದ ಕಚೇರಿಯಲ್ಲಿ ಇಂಥ ವಜಾ ಇದೇ ಮೊದಲು. ಆದೇಶ ಅಂದವಾಗಿರಬೇಕು, ಮೂರು ಪ್ರತಿ ಇರಬೇಕು ಎಂದರು ಪಾರ್ಡಿ. ಕಚೇರಿಯಲ್ಲಿ ಅಂದವಾದ ಕೈಬರಹ ಇದ್ದದ್ದು ಒಬ್ಬನಿಗೇ. ಹಾಗಾಗಿ ತ್ಯೂನಿಸ್ ತನ್ನನ್ನು ತಾನೇ ಮೂರು ಸಲ ಕೆಲಸದಿಂದ ತೆಗೆದ. ಕಾರಣ ಏನು ಬರೆಯುವುದು ಎಂದು ಕಾಲು ಗಂಟೆ ಚರ್ಚೆಯಾಗಿ, ಕೊನೆಗೆ 'ಈತನ ನಡತೆ ಉತ್ತಮ' ಎಂದು ಸೇರಿಸಿದರು. ಎರಡನೇ ಪ್ರತಿಗೆ ಅವನ ತೋಳಿನಿಂದ ನೀರು ಬಿದ್ದು ಶಾಯಿ ಹರಡಿತು. ಅದನ್ನು ಮತ್ತೆ ಬರೆಸಿದರು. ಬೀಗದ ಕೈ, ಮಸಿಕುಡಿಕೆ, ಗರಿಯ ಲೇಖನಿ ಮೂರು, ಎಲ್ಲವನ್ನೂ ಒಪ್ಪಿಸಿ ಅವನು ಬೀದಿಗೆ ಬಿದ್ದಾಗ ಮೂರೂವರೆ ದಾಟಿತ್ತು.

ನಲವತ್ತಾರು ವರ್ಷದ ಮನುಷ್ಯ ಮಳೆಯಲ್ಲಿ ಓಡಿದ್ದನ್ನು ಬೀದಿಯವರು ನೋಡಿದರು. ಒಂದು ಹಂದಿಯ ಮೇಲೆ ಎಡವಿದ, ಒಂದು ಬಂಡಿಯವನಿಂದ ಬೈಸಿಕೊಂಡ. ಮನೆಯ ಬಾಗಿಲು ತಳ್ಳಿದಾಗ ಪಾದ್ರಿಗಳು ಪುಸ್ತಕ ತೆರೆದಿದ್ದರು. ಲೀಸ್ಬೆತ್‌ಳ ಪಕ್ಕದಲ್ಲಿ ಅವನ ಒಳ್ಳೇ ಕೋಟು ನಿಂತಿತ್ತು, ಅದರೊಳಗೆ ಅವನ ಬಾಮೈದ.

"ಸರಿಯೋ ಆಚೆ" ಎಂದ ತ್ಯೂನಿಸ್ ಏದುಸಿರು ಬಿಡುತ್ತ.

ಹಿಲ್ಲೆಗೊಂಡ ಬಾಯಿ ಮುಚ್ಚಿಕೊಂಡಳು. "ಏನ್ರೀ ಇದು ಅವತಾರ! ಚಾಪೆಯೆಲ್ಲ ಕೆಸರು!"

ಲೀಸ್ಬೆತ್ ತಿರುಗಿ ನೋಡಿದಳು. "ಬಂದ್ರಾ ಅಪ್ಪಾ" ಎಂದಳು. ಅಷ್ಟೇ. ಆದರೆ ಅವನ ಒದ್ದೆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವಳು ಪಾದ್ರಿಗಳು ಎರಡು ಸಲ ಕೆಮ್ಮಿದ ಮೇಲೆಯೇ ಬಿಟ್ಟಳು. ಟೋಪಿ ಅಂಗಡಿಯಲ್ಲಿ ಕೆಲಸ ಮಾಡುವ ಜೇಬೆಜ್ ಎಂಬ ಉದ್ದನೆಯ, ಸಾಧು ಹುಡುಗನ ಕೈಗೆ ತ್ಯೂನಿಸ್ ಮಗಳ ಕೈಯನ್ನು ತಾನೇ ಕೊಟ್ಟ.

ಪಾದ್ರಿಗಳು ದೋಣಿಗೆ ಓಡಿದರು. ಸಿಂಪಿ ಬಂತು, ಸೇಬಿನ ಮದ್ಯ ಬಂತು, ಒಣದ್ರಾಕ್ಷಿ ಹಾಕಿ ಕರಿದ ಸಿಹಿಯುಂಡೆ ಬಂತು. ತ್ಯೂನಿಸ್ ಬೆಂಕಿಯ ಪಕ್ಕದಲ್ಲಿ ಹಬೆಯಾಡುತ್ತ ಕೂತು, ತನ್ನನ್ನು ಕೆಲಸದಿಂದ ತೆಗೆದ ಕತೆಯನ್ನು ನಾಲ್ಕನೇ ಸಲ ಹೇಳುತ್ತಿದ್ದ. ಜನ ನಕ್ಕು ನಕ್ಕು ಸುಸ್ತಾಗಿದ್ದರು. ಆಗ ಬಾಗಿಲು ತಟ್ಟಿ ಪಾರ್ಡಿ ಒಳಗೆ ಬಂದರು. ಕೈಯಲ್ಲಿ ಮುದ್ರೆ ಒತ್ತಿದ ಲಕೋಟೆ.

"ಬನ್ನಿ ಬನ್ನಿ ಸ್ವಾಮಿ! ನಾಳೆವರೆಗೂ ಕಾಯದೆ ನೀವೇ ತಂದ್ರಾ?" ತ್ಯೂನಿಸ್ ಕೈ ಚಾಚಿದ.

ಪಾರ್ಡಿ ಲಕೋಟೆಯನ್ನು ಎದೆಗೆ ಒತ್ತಿಕೊಂಡರು. "ಇಲ್ಲಿ ಜೇಬೆಜ್ ಕೋಲ್ಸ್ ಅನ್ನೋರು ಯಾರು? ಅವರ ರೂಮಿನಲ್ಲಿ ವಿಚಾರಿಸಿದ್ರೆ ಈ ಮನೆ ತೋರಿಸಿದ್ರು."

ಮದುಮಗ ಎದ್ದು ನಿಂತ. "ನಾನೇ ಸ್ವಾಮಿ."

"ಶುಭಾಶಯ. ನಿಮ್ಮನ್ನ ಗುಮಾಸ್ತರಾಗಿ ನೇಮಿಸಿದೆ. ಇವತ್ತು ಮಧ್ಯಾಹ್ನ ಒಂದು ಜಾಗ ಖಾಲಿ ಆಯ್ತು."

"ಅದು ನನ್ನ ಜಾಗ!" ಎಂದ ತ್ಯೂನಿಸ್.

"ಆಗಿತ್ತು" ಎಂದರು ಪಾರ್ಡಿ ಮರುಕದಿಂದ. "ನೇಮಕದ ಕಾಗದಕ್ಕೆ ಹೆಸರಿನ ಜಾಗ ಬಿಟ್ಟು ಕರ್ನಲ್ ಸಾಹೇಬ್ರು ಸಹಿ ಹಾಕಿಟ್ಟು ಊಟಕ್ಕೆ ಹೋಗಿದ್ರು. ಕೆಲಸ ಕೇಳಿ ಬಂದಿರೋ ಅರ್ಜಿ ಇನ್ನೂರ ಹನ್ನೆರಡು ಇವೆ. ಎಲ್ಲಕ್ಕಿಂತ ಹಳೇದು ಇವರದು. ಏಪ್ರಿಲ್ ಮೂವತ್ತು, ಅಧ್ಯಕ್ಷರು ಪ್ರಮಾಣ ಮಾಡಿದ ದಿನದ್ದೇ. ಸಾಲು ಬಿಟ್ಟು ಪರಿಚಯದವರಿಗೆ ಕೊಟ್ರೆ ಎಂಥ ಮೇಲ್ಪಂಕ್ತಿ ಆಗತ್ತೆ, ನೀವೇ ಹೇಳಿ?"

"ಇವನು ನನ್ನ ಅಳಿಯ ಕಣ್ರೀ!"

ಪಾರ್ಡಿ ಬೆಚ್ಚಿದರು, ಗಡಿಯಾರ ತೆಗೆದು ನೋಡಿದರು, ಸಮಾಧಾನವಾಯಿತು. "ಆದೇಶ ಆಗಿದ್ದು ಮೂರು ಮುಕ್ಕಾಲಿಗೆ. ಆಗ ಇವರು ನಿಮಗೇನೂ ಆಗ್ಬೇಕಿರ್ಲಿಲ್ಲ."

ಜೇಬೆಜ್ ಕೆಂಪಗಾದ. "ಆಗ ಊರಿಗೂರೇ ಅರ್ಜಿ ಹಾಕಿತ್ತು ಮಾವ, ನಾನೂ ಹಾಕಿದ್ದೆ. ಮರ್ತೇ ಹೋಗಿತ್ತು. ನಂಗೆ ಬೇಡ ಸ್ವಾಮಿ, ಈಗ್ಲೇ ರಾಜೀನಾಮೆ ಬರ್ಕೊಡ್ತೀನಿ."

"ರಾಜೀನಾಮೆಗೆ ಮೇಲ್ಪಂಕ್ತಿ ಇಲ್ಲ" ಎಂದರು ಪಾರ್ಡಿ. "ನಾಳೆ ಒಂಬತ್ತಕ್ಕೆ ಬನ್ನಿ. ಬ್ರೌವರ್, ನೀವೂ ಬನ್ನಿ, ಅರ್ಜಿ ಕೊಡಿ. ನಿಮ್ಮ ಮುಂದೆ ಇನ್ನೂರ ಹನ್ನೊಂದೇ ಜನ."

ವಿಧವೆ ಟೆನ್ ಬ್ರೂಕ್‌ಗೆ ನಗು ತಡೆಯಲಾಗದೆ ಸಿಂಪಿ ಗಂಟಲಿಗೆ ಸಿಕ್ಕಿಕೊಂಡಿತು. ಹಿಲ್ಲೆಗೊಂಡ ಅವಳ ಬೆನ್ನಿಗೆ ಗುದ್ದುತ್ತ ಗಂಡನನ್ನು ನೋಡಿದ ನೋಟದಲ್ಲಿ, ಆ ಗುದ್ದು ಯಾರಿಗೆ ಸೇರಬೇಕಾದ್ದು ಎಂಬುದು ಸ್ಪಷ್ಟವಾಗಿತ್ತು.

ಜೇಬೆಜ್ ಹೊಸ ಹೆಂಡತಿಯ ಮುಖ ನೋಡಿದ, ಪಾರ್ಡಿಯ ಮುಖ ನೋಡಿದ. "ಸ್ವಾಮಿ, ಇವತ್ತು ತಾನೇ ಮದುವೆ ಆಗಿದೆ. ನಾಳೆ ಒಂದು ದಿನ..."

ತ್ಯೂನಿಸ್ ಹಾರಿ ಬಂದು ಅಳಿಯನ ಬಾಯಿಗೆ ಕೈ ಅಡ್ಡ ಹಿಡಿದ. "ಅದೊಂದು ಮಾತ್ರ ಕೇಳ್ಬೇಡಪ್ಪಾ."

ಮರುದಿನ ಒಂಬತ್ತಕ್ಕೆ ಜೇಬೆಜ್ ಕಚೇರಿಗೆ ಹೋದ. ತ್ಯೂನಿಸ್ ಬ್ರೌವರ್ ಇನ್ನೂರ ಹನ್ನೆರಡನೆಯ ಅರ್ಜಿ ಕೊಟ್ಟು ಮನೆಗೆ ಬಂದ. ಮಗಳ ಮದುವೆಗೆ ಬರುತ್ತೇನೆಂದು ಹದಿಮೂರು ವರ್ಷದ ಹಿಂದೆ ಕೊಟ್ಟಿದ್ದ ಮಾತನ್ನು ಅವನು ಉಳಿಸಿಕೊಂಡಿದ್ದ.