ಪುಡಿಯಾಗದ ಕಂಬ

ಫರಂಗಿಪೇಟೆಯ ಮೇಲ್ಸೇತುವೆಯ ಒಂದು ಕಂಬವು ಮಹಮ್ಮದ್ ಕುಂಞಿಯವರ ಹೋಟೆಲಿನ ಬಾಗಿಲಿಗೆ ಸರಿಯಾಗಿ ಅಡ್ಡ ಎದ್ದು ನಿಂತದ್ದು ಸಂಪೂರ್ಣ ನಿಯಮಬದ್ಧವೆಂದು ಅಡ್ಡಿ ನಿವಾರಣಾ ವಿಭಾಗದ ಗುಮಾಸ್ತನಾದ ನಾನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಕ್ಷೆಯನ್ನು ಮಡಚಿದಾಗ ಆ ಬಾಗಿಲು ಸಂದಿನೊಳಗೆ ಹೋಗಿತ್ತು. ಬಿಡಿಸಿ ನೋಡಬೇಕೆಂದು ಯಾವ ಸುತ್ತೋಲೆಯಲ್ಲೂ ಇಲ್ಲ.

ಕಂಬಕ್ಕೂ ಬಾಗಿಲಿಗೂ ನಡುವೆ ಒಂದು ಮೊಳ ಜಾಗ ಬಿಟ್ಟಿದ್ದೆವು. ಸಪೂರ ಇದ್ದವರು ಓರೆಯಾಗಿ ಒಳಗೆ ಹೋಗುತ್ತಿದ್ದರು. ಬಿರಿಯಾನಿ ತಿಂದ ಮೇಲೆ ಹೊರಗೆ ಬರಲಿಕ್ಕಾಗದೆ ಊಟ ಕರಗುವ ತನಕ ಅಲ್ಲೇ ಕೂತಿರುತ್ತಿದ್ದರು. ಹೊಸ ಗಿರಾಕಿಗಳಿಗೆ ಬೆಂಚೇ ಖಾಲಿಯಿಲ್ಲ. ಇದನ್ನೂ ನಮ್ಮ ತಪ್ಪು ಎನ್ನುವವರಿದ್ದಾರೆ, ಏನು ಹೇಳುವುದು!

ಕುಂಞಿಯವರು ಕಚೇರಿಗೆ ಬಂದು ನಮ್ಮ ಇಂಜಿನಿಯರ್ ಶಶಿಪ್ರಭಾ ಮೇಡಂ ಎದುರು ಅತ್ತೇಬಿಟ್ಟರು. "ಮೇಡಂ, ರಂಝಾನಿನ ಮೊದಲು ಬಾಗಿಲು ತೆರವಾಗದಿದ್ದರೆ ಹೋಟೆಲು ಮುಚ್ಚಿ ನಾನು ಪುನಃ ಸೌದಿಯ ದಮ್ಮಾಮಿಗೆ ಹೋಗಬೇಕಷ್ಟೆ. ಈ ಪ್ರಾಯದಲ್ಲಿ ನನಗೆ ಯಾರು ವೀಸಾ ಕೊಡ್ತಾರೆ?"

ಮೇಡಂ ಕನಿಕರಪಟ್ಟರು. ಮೇಲೆ ಸೇತುವೆ ಇನ್ನೂ ಬಾರದ್ದರಿಂದ ಕಂಬ ತೆಗೆದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಗುದ್ದಿ ಒಡೆದರೆ ಹೋಟೆಲಿನ ಗೋಡೆ ಬಿರುಕು ಬಿಡುತ್ತದೆ. ಹಾಗಾಗಿ ಮೂಡುಬಿದಿರೆಯ ಕಲ್ಲಿನ ಕೋರೆಯಿಂದ ರೋಹಿತ್ ಎಂಬವರು ತಂತಿ ಗರಗಸ ತಂದರು. ಹಗ್ಗದ ಹಾಗೆ ಬಳುಕುವ ತಂತಿ, ಅದರ ಮೇಲೆ ವಜ್ರದ ಹರಳು ಮೆತ್ತಿದ ಮಣಿಗಳು. ಕಂಬಕ್ಕೆ ಸುತ್ತಿ, ನೀರು ಬಿಟ್ಟು ಓಡಿಸಿದರೆ ಒಳಗಿನ ಕಬ್ಬಿಣದ ಸರಳನ್ನೂ ಸೇರಿಸಿಯೇ ಕೊಯ್ಯುತ್ತದೆ. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಕಂಬ ಹಲ್ವದ ತುಂಡುಗಳಾಗಿ ಕ್ರೇನಿನಲ್ಲಿ ಹೋಯಿತು. ಕುಂಞಿಯವರು ಬಾಗಿಲಿನಿಂದ ಹೊರಗೆ, ಒಳಗೆ, ಪುನಃ ಹೊರಗೆ ನಡೆದರು. "ನೆಟ್ಟಗೆ ನಡೀತಾ ಇದ್ದೇನಲ್ಲ ಮಾರಾಯ್ರೆ!" ಎಂದು ಎಲ್ಲರಿಗೂ ಚಹಾ ಕೊಟ್ಟರು.

ಅಷ್ಟರಲ್ಲಿ ಅವಶೇಷ ಸಾಗಾಟದ ಗುತ್ತಿಗೆದಾರ ಕುಶಾಲಪ್ಪ ಲಾರಿ ಸಮೇತ ಬಂದರು. ಇವರು ನಮ್ಮ ಮೇಲಧಿಕಾರಿಯವರ ಷಡ್ಡಕ. ಅದಕ್ಕೂ ಗುತ್ತಿಗೆಗೂ ಸಂಬಂಧವಿಲ್ಲ.

"ಪುಡಿ ಎಲ್ಲಿ ಉಂಟು? ನನ್ನ ಲಾರಿ ಗಾಳಿ ಹೊರುವುದಾ?"

"ಪುಡಿ ಆಗಬಾರದೆಂದೇ ಈ ಯಂತ್ರ ತಂದದ್ದಲ್ವಾ?" ಎಂದರು ರೋಹಿತ್.

ಕುಶಾಲಪ್ಪನವರು ನಿಯಮ ಓದಿಸಿದರು. ನಾನೇ ಓದಿದೆ: "ಕೆಡವಿದ ಕಾಮಗಾರಿಯ ಅವಶೇಷವು ಸ್ಥಳದಲ್ಲಿ ರಾಶಿಯಾಗಿ ಕಂಡುಬರತಕ್ಕದ್ದು. ಕಂಡುಬಾರದಿದ್ದಲ್ಲಿ ಕಾಮಗಾರಿಯೇ ನಡೆದಿಲ್ಲವೆಂದು ಭಾವಿಸತಕ್ಕದ್ದು."

ರೋಹಿತರ ಮುಖ ಬಾಡಿತು. ಕಾನೂನಿನ ಪ್ರಕಾರ ಕಂಬ ಇನ್ನೂ ಅಲ್ಲೇ ಇತ್ತು.

ಕುಶಾಲಪ್ಪನವರೇ ದಾರಿ ತೋರಿಸಿದರು. ಕಕ್ಕಿಂಜೆಯಲ್ಲಿ ಯಾರೋ ಒಡೆದ ಮೋರಿಯ ಪುಡಿಯನ್ನು ಲಾರಿಯಲ್ಲಿ ತಂದು ಬಾಗಿಲಿಗೆ ಸುರಿದರು. ತೆಗೆಯಬೇಕಾದರೆ ಮೊದಲು ಇರಬೇಕಲ್ಲ! ತಂದದ್ದಕ್ಕೆ ಬಿಲ್ಲು ಪಾಸಾಯಿತು. ತೆಗೆಯುವ ಬಿಲ್ಲಿಗೆ ರುಜು ಬೀಳುವ ಮೊದಲು ಸುರಕ್ಷತಾ ವಿಭಾಗದವರು ಬಂದು, ಸಡಿಲ ರಾಶಿ ಜನರ ಮೇಲೆ ಜರಿದೀತು, ಕೂಡಲೇ ಸಿಮೆಂಟು ಹಾಕಿ ಬಿಗಿಗೊಳಿಸಿ ಎಂದು ಆದೇಶಿಸಿದರು. ಬಿಗಿಗೊಳಿಸಿದೆವು. ಸರಳು ಕೂಡ ಹಾಕಿದೆವು. ಈಗ ಇರುವೆಗೂ ಸಂದು ಇಲ್ಲ.

ಅಡುಗೆಮನೆಯ ಕಿಟಕಿಯಿಂದ ಹಾರಿ ಬಂದ ಕುಂಞಿಯವರು ಕಚೇರಿಯಲ್ಲಿ ಕೇಳಿದರು, "ಕಂಬ ತೆಗೆದಾಯಿತಲ್ಲ, ಹಾಗಾದರೆ ಬಾಗಿಲಲ್ಲಿ ಇರುವುದು ಏನು ಮೇಡಂ?"

"ಕಂಬ ತೆಗೆದದ್ದಕ್ಕೆ ಸಾಕ್ಷಿ," ಎಂದರು ಮೇಡಂ. "ಸಾಕ್ಷಿಯನ್ನು ಮುಟ್ಟಲಿಕ್ಕಾಗುವುದಿಲ್ಲ."

ಕುಂಞಿಯವರು ರೋಹಿತರನ್ನು ಕರೆಸಿ ಹೋಟೆಲಿನ ಹಿಂದಿನ ಗೋಡೆಯನ್ನೇ ಕೊಯ್ಯಿಸಿದರು. ಒಳ್ಳೆಯ ಅಗಲದ ಬಾಗಿಲಾಯಿತು. ರಂಝಾನಿನ ಮೊದಲ ಸಂಜೆ ಇಫ್ತಾರಿಗೆ ನಮ್ಮನ್ನೂ ಕರೆದರು. ಸಮೋಸ ಚೆನ್ನಾಗಿತ್ತು. ತಿಂದು ಕೈ ಒರೆಸಿಕೊಂಡು, ಗೋಡೆ ಕೆಡವಿದ ಅವಶೇಷ ಸ್ಥಳದಲ್ಲಿ ಕಂಡುಬಾರದ ಬಗ್ಗೆ ನೋಟೀಸನ್ನು ನಾನೇ ಅವರ ಕೈಗೆ ಕೊಟ್ಟೆ.

ಓದಿದರು. ಬೈಯಲಿಲ್ಲ, ಅಳಲಿಲ್ಲ. ಫೋನು ತೆಗೆದು ಹೇಳಿದರು:

"ಕುಶಾಲಪ್ಪಣ್ಣ, ಹಿಂದಿನ ಬಾಗಿಲಿಗೆ ಒಂದು ಲೋಡು ಪುಡಿ ಹಾಕಿಬಿಡಿ. ಸಿಮೆಂಟು ನಾನೇ ತರಿಸಿ ಇಟ್ಟಿದ್ದೇನೆ."